ಹೆದ್ದಾರಿ ಕಾದ 54 ದಿನ

ರೈಲಿನಲ್ಲಿ ಬರುವವರಿಗೆ ಕಬಕವೆಂದರೆ 'ಕಬಕ ಪುತ್ತೂರು' ಎಂಬ ನಿಲ್ದಾಣದ ಹೆಸರಿನ ಅರ್ಧಭಾಗ, ಅಷ್ಟೆ. ಅದು ಬೇರೆಯೇ ಊರೆಂಬುದು ಮಾಣಿ–ಮೈಸೂರು ಹೆದ್ದಾರಿಯಲ್ಲಿ ಬಂದವರಿಗೆ ಗೊತ್ತು. ಇಲ್ಲಿ ಹೆದ್ದಾರಿ ಬಿಟ್ಟು ವಿಟ್ಲದ ಕಡೆ ತಿರುಗಿದರೆ ಮುಂದೆ ಅಡ್ಯನಡ್ಕ, ಸಾರಡ್ಕ. ಅಡಕೆ ತೋಟಗಳ ನೆರಳು ಮುಗಿಯುವ ಮೊದಲೇ ಕೇರಳ. ಪೆರ್ಲ, ಬದಿಯಡ್ಕಗಳಲ್ಲಿ ಕನ್ನಡವೂ ತುಳುವೂ ಧಾರಾಳವಾಗಿ ಕಿವಿಗೆ ಬೀಳುತ್ತವೆ. ಕಬಕದ ತುಳುವರ 'ಪೆರ್ಮರಿ' ಚೆರ್ಕಳ ಸೇರುವಷ್ಟರಲ್ಲಿ 'ಪೆರುಂಬಾಂಬು' ಆಗಿರುತ್ತದೆ. ಎರಡೂ ನಮ್ಮ ಹೆಬ್ಬಾವೇ.

ಚೆರ್ಕಳದಲ್ಲಿ ಈ ದಾರಿ 66ನೆಯ ರಾಷ್ಟ್ರೀಯ ಹೆದ್ದಾರಿಯನ್ನು ಕೂಡುತ್ತದೆ. 2022ರ ಮಾರ್ಚಿನಲ್ಲಿ ಆ ಹೆದ್ದಾರಿಯನ್ನು ಅಗಲಗೊಳಿಸುತ್ತಿದ್ದ ಕೆಲಸಗಾರರಿಗೆ ಮೋರಿಯ ಬಳಿಯ ಬಿಲದಲ್ಲಿ ಹೆಬ್ಬಾವೊಂದು ಕಂಡಿತು. 24 ಮೊಟ್ಟೆಗಳನ್ನು ಸುತ್ತಿಕೊಂಡು ಮಲಗಿತ್ತು.

ಬುಟ್ಟಿಯಲ್ಲಿ ತುಂಬಿ ಬೇರೆಡೆ ಇಟ್ಟರಾಯಿತಲ್ಲ ಎನ್ನಬಹುದು. ಹೆಬ್ಬಾವನ್ನು ಸಾಕಿ ಮರಿಮಾಡಿಸುವ ಪರದೇಶದ ಹವ್ಯಾಸಿಗಳು ಹಾಗೆನ್ನಲಾರರು. ಈ ಮೊಟ್ಟೆಯ ಸಿಪ್ಪೆ ತೊಗಲಿನಂತೆ ಮೆತ್ತಗೆ. ತೇವ ಕಡಿಮೆಯಾದರೆ ಬತ್ತುತ್ತದೆ, ಹೆಚ್ಚಾದರೆ ಬೂಷ್ಟು ಹಿಡಿಯುತ್ತದೆ. ಭ್ರೂಣ ಒಳಗೋಡೆಗೆ ಅಂಟಿಕೊಂಡ ಮೇಲೆ ಮೊಟ್ಟೆ ಮಗುಚಿದರೆ ಅದು ಸತ್ತೇಹೋಗಬಹುದು. ಸುಮಾರು ಎರಡು ತಿಂಗಳು 30 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನ ಶಾಖವೂ ಬೇಕು. ಅದಕ್ಕಾಗಿ ಅವರು ವಿದ್ಯುತ್ ಪೆಟ್ಟಿಗೆ, ಉಷ್ಣಮಾಪಕಗಳನ್ನಿಟ್ಟು ಹಗಲಿರುಳು ಕಾಯುತ್ತಾರೆ. ತಾಯಿಹಾವಿಗೆ ಇದಾವುದರ ಹಂಗೂ ಇಲ್ಲ. ಚಳಿ ಹೆಚ್ಚಿದರೆ ಸ್ನಾಯುಗಳನ್ನು ಅದುರಿಸಿ ತಾನೇ ಶಾಖ ಹುಟ್ಟಿಸುತ್ತದೆ! 1832ರಲ್ಲಿ ಲಮಾರ್-ಪಿಕೊ ಎಂಬ ಫ್ರೆಂಚ್ ಪ್ರವಾಸಿ ಭಾರತದ ಹೆಬ್ಬಾವು ಕಾವು ಕೂರುತ್ತದೆಂದಾಗ ಪ್ಯಾರಿಸ್ಸಿನ ಪಂಡಿತರು ನಂಬಲಿಲ್ಲ. 1841ರಲ್ಲಿ ವಲಾನ್ಸಿಯೆನ್ ಅದೇ ನಗರದಲ್ಲಿ ಕಾವು ಕೂತ ಹಾವಿನ ಶಾಖವನ್ನು ಅಳೆದು ತೋರಿಸಬೇಕಾಯಿತು.

ನಮ್ಮ ಕಾಡಿನ ಹೆಬ್ಬಾವನ್ನು ಮನೆಯಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ಅದು ಸರಿಯೇ ಎಂದು ನನಗನ್ನಿಸುತ್ತದೆ; ಇಷ್ಟು ನಾಜೂಕಿನ ಕೆಲಸ ಹವ್ಯಾಸಕ್ಕೆ ಒಗ್ಗುವುದಲ್ಲ.

ಅರಣ್ಯ ಇಲಾಖೆಯವರು ಬಂದರು, ಬಲ್ಲವರನ್ನು ವಿಚಾರಿಸಿದರು. ತಾಯಿಯನ್ನು ಎಬ್ಬಿಸಬಾರದೆಂದು ತೀರ್ಮಾನವಾಯಿತು. ಗುತ್ತಿಗೆ ಹಿಡಿದಿದ್ದ ಉರಾಳುಂಗಲ್ ಕಾರ್ಮಿಕರ ಸಹಕಾರ ಸಂಘ ಆ ಜಾಗದ ಕೆಲಸವನ್ನು 54 ದಿನ ನಿಲ್ಲಿಸಿತು. ಗುತ್ತಿಗೆದಾರನಿಗೆ ಒಂದೊಂದು ದಿನವೂ ಹಣವೆಂಬುದನ್ನು ನೆನೆದರೆ ಇದು ಸಣ್ಣ ಮಾತಲ್ಲ. ಮರಿಗಳು ಹೊರಬರುವ ಕಾಲ ಸಮೀಪಿಸಿದಾಗ ಹಾವು ಹಿಡಿಯುವವರೊಬ್ಬರು ಮೊಟ್ಟೆಗಳನ್ನು ತಮ್ಮ ಮನೆಗೆ ಒಯ್ದು ಕಾದರು. ಸಿಪ್ಪೆ ಸೀಳಿ ಬಂದ ಮರಿಗಳನ್ನು ಕಾಡಿಗೆ ಬಿಟ್ಟರು.