ಯಲಹಂಕಕ್ಕೆ ಒಯ್ದ ಸೀರೆಗಂಟು

ಸೋದರಿಯರೇ, ನಮ್ಮ ತಿಪಟೂರಿನಲ್ಲಿ ರೈಲು ಹತ್ತಿ ಯಶವಂತಪುರದಲ್ಲಿಳಿದು, ಹೆಬ್ಬಾಳದಲ್ಲಿ ಬಸ್ಸು ಬದಲಿಸಿ ಬಳ್ಳಾರಿ ರಸ್ತೆ ಹಿಡಿದರೆ ಯಲಹಂಕ. ನನ್ನ ತಂಗಿಯನ್ನು ಕೊಟ್ಟಿರುವುದು ಅಲ್ಲಿಗೇ. ಅದು ಕೆಂಪೇಗೌಡರ ಊರೆಂದು ನಿಮಗೂ ಗೊತ್ತು. ಆದರೆ ಅದು ಕೆರೆಗಳ ಊರು ಅನ್ನೋದು ನನ್ನ ಮನಸ್ಸಿಗೆ ನಾಟಿದ್ದು 2024ರ ಅಕ್ಟೋಬರಿನಲ್ಲಿ!

ಅಲ್ಲಿಯ ಕೆರೆಗಳು ಸರ ಪೋಣಿಸಿದ ಹಾಗಿವೆ. ಯಲಹಂಕ ಕೆರೆ ಕೋಡಿ ಬಿದ್ದರೆ ನೀರು ಜಕ್ಕೂರು ಕೆರೆಗೆ, ಅಲ್ಲಿಂದ ರಾಚೇನಹಳ್ಳಿ ಕೆರೆಗೆ ಹೋಗಬೇಕು. ನಡುವಿನ ತಗ್ಗಿನಲ್ಲಿ ಈಗ ಮನೆಗಳೆದ್ದಿವೆ. ನೀರು ತನ್ನ ಹಳೆಯ ದಾರಿ ಮರೆಯುತ್ತದೆಯೇ? 2021ರ ನವೆಂಬರಿನಲ್ಲಿ 603 ಮನೆಗಳಿರುವ ಕೇಂದ್ರೀಯ ವಿಹಾರ ಜಲಾವೃತವಾಯಿತು. 2024ರ ಅಕ್ಟೋಬರ್ 22ರಂದು ಮತ್ತೆ ಅದೇ ಗತಿ. ಎನ್.ಡಿ.ಆರ್.ಎಫ್. ಪಡೆಯವರು ದೋಣಿ ತಂದು ಜನರನ್ನು ಕರೆತಂದರು.

ತಂಗಿಯ ಮನೆ ಅಲ್ಲೇ ಸಮೀಪ. ಸುದ್ದಿ ಕೇಳಿದವಳೇ ಬೀರು ತೆಗೆದು, ಹಳೆ ಸೀರೆ, ತೂತುಬಿದ್ದ ಹೊದಿಕೆ ಎಲ್ಲಾ ಗಂಟು ಕಟ್ಟಿಕೊಂಡು ಹೊರಟೆ. ದೊಡ್ಡ ದಾನಿ ಎಂಬ ಬಿಂಕ ಬೇರೆ! ತಂಗಿ ಮಹಡಿಯಲ್ಲಿದ್ದಾಳೆ. ಕೆಳಗಿನ ಮನೆಯ ಅಜ್ಜಿ ಕೆಸರು ತೊಳೆಯುತ್ತಾ ಇದ್ದರು. ಹಗ್ಗದ ಮೇಲೆ ಅವರ ಮದುವೆ ಫೋಟೋ, ತೀರಿಹೋದ ಯಜಮಾನರ ಪೆನ್ಶನ್ ಕಾಗದ ಒಣಗುತ್ತಿದ್ದವು. ನಾನು ಗಂಟು ಬಿಚ್ಚಿದೆ.

"ಸೀರೆ ಇದೆ ಕಣಮ್ಮಾ, ಒಗೆಯೋಕೆ ನೀರಿಲ್ಲ. ಸಂಪಿಗೆ ಕೊಳಚೆ ಸೇರಿದೆ. ಕುಡಿಯೋ ನೀರು ತಂದಿದ್ದೀಯಾ?" ಅಂದರು.

ನಾನು ತಂದಿರಲಿಲ್ಲ. ಅಂಥಾ ನಾಚಿಕೆ ಎಂದೂ ಆಗಿರಲಿಲ್ಲ! ಗಂಟು ಮೂಲೆಗಿಟ್ಟು, ಅಂಗಡಿಯಿಂದ ನೀರಿನ ಕ್ಯಾನು, ಮೇಣದಬತ್ತಿ, ಫಿನಾಯಿಲ್ ತಂದೆ. ಅಜ್ಜಿಯ ಪಾತ್ರೆ ತೊಳೆದು, ಅನ್ನ, ಮೆಣಸಿನ ಸಾರು ಮಾಡಿ ಬಡಿಸಿದೆ. ಹಳೆ ಸೀರೆ ಕೊನೆಗೆ ನೆಲ ಒರೆಸಲು ಬಂತು.

ರಾತ್ರಿ ಭಾವನವರು ಒಂದು ಮಾತು ಹೇಳಿದರು. ಇಲ್ಲಿ ದೋಣಿ ತಂದ ಪಡೆಯೇ ಜಪಾನಿಗೂ ಹೋಗಿತ್ತಂತೆ! 2011ರ ಮಾರ್ಚ್ 11ರಂದು ಅಲ್ಲಿ ಭೂಕಂಪವಾಗಿ ಸುನಾಮಿ ಬಂತಲ್ಲ, ಆಗ ಸಮುದ್ರದ ನೀರು ಫುಕುಶಿಮಾ ಅಣುಸ್ಥಾವರಕ್ಕೂ ನುಗ್ಗಿತು. ಜನರೇಟರುಗಳು ಕೆಟ್ಟು, ತಂಪು ಮಾಡುವ ವ್ಯವಸ್ಥೆ ನಿಂತು, ಮೂರು ರಿಯಾಕ್ಟರುಗಳಲ್ಲಿ ಇಂಧನ ಕರಗಿಹೋಯಿತು. ಫುಕುಶಿಮಾ ಪ್ರಾಂತ್ಯದಲ್ಲಿ 1,60,000ಕ್ಕೂ ಹೆಚ್ಚು ಜನ ಮನೆ ಬಿಟ್ಟರು. ನಮ್ಮ ದೇಶ 46 ಮಂದಿಯ ಪಡೆಯನ್ನು ಒನಗಾವಾ ಊರಿಗೆ ಕಳಿಸಿತು. ಜೊತೆಗೆ 25,000 ಉಣ್ಣೆಯ ಕಂಬಳಿ. ಆಗ ಅಲ್ಲಿ ಹಿಮ ಬೀಳುವ ಚಳಿ. ನೋಡಿ, ಅದು ಬೇಕಾದ ಹೊತ್ತಿಗೆ ಬೇಕಾದ ವಸ್ತು!

ಅದೇ ಸಮಯದಲ್ಲಿ ಚೀನಾದಲ್ಲಿ, ಅಯೋಡಿನ್ ಉಪ್ಪು ತಿಂದರೆ ವಿಕಿರಣ ತಟ್ಟದೆಂಬ ಗಾಳಿಸುದ್ದಿಗೆ ಜನ ಅಂಗಡಿಗಳ ಉಪ್ಪನ್ನೆಲ್ಲಾ ಖಾಲಿ ಮಾಡಿದರಂತೆ. ಉಪ್ಪಿನಲ್ಲಿರುವ ಚೂರು ಅಯೋಡಿನ್ ಅದಕ್ಕೆ ಯಾತಕ್ಕೂ ಸಾಲದು. ಹೆದರಿಕೆಯಲ್ಲಿ ಕೊಂಡ ಉಪ್ಪೂ ಅಷ್ಟೇ, ಕೇಳದೇ ಒಯ್ದ ನನ್ನ ಗಂಟೂ ಅಷ್ಟೇ!

ಆದ್ದರಿಂದ ಸೋದರಿಯರೇ, ಯಾರ ಮನೆಗಾದರೂ ನೀರು ನುಗ್ಗಿದರೆ ಹೊರಡುವ ಮೊದಲು ಒಂದು ಫೋನು ಮಾಡಿ, "ಏನು ಬೇಕು?" ಎಂದು ಕೇಳಿ. ಕುಡಿಯುವ ನೀರು, ಟಾರ್ಚು, ಮಗುವಿಗೆ ಹಾಲಿನ ಪುಡಿ, ಹೆಣ್ಣುಮಕ್ಕಳಿಗೆ ಪ್ಯಾಡು, ವಯಸ್ಸಾದವರ ಮಾತ್ರೆ ಇವನ್ನು ಬಾಯಿಬಿಟ್ಟು ಕೇಳಲು ಎಷ್ಟೋ ಜನ ಸಂಕೋಚಪಡುತ್ತಾರೆ. ನೀವೇ ಕೇಳಿ ತಿಳಿಯಿರಿ. ಒದ್ದೆ ಸ್ವಿಚ್ಚು ಮುಟ್ಟುವ ಮೊದಲು ಎಲೆಕ್ಟ್ರಿಷಿಯನ್ನನ್ನು ಕರೆಸಿರಿ. ನಿಮ್ಮ ಮನೆಯ ಪತ್ರ, ಫೋಟೋಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅಟ್ಟದ ಮೇಲಿಡಿ.

ಹೊರಡುವಾಗ ಅಜ್ಜಿ ನನಗೆ ಕುಂಕುಮ ಕೊಟ್ಟರು. ಕೆಸರಿನಿಂದ ಉಳಿದಿದ್ದ ಭರಣಿ ಅದೊಂದೇ. "ಮುಂದಿನ ಸಲ ಬರಿಗೈಲೇ ಬಾ, ಸಾರು ಮಾಡೋಕೆ!" ಎಂದು ನಕ್ಕರು. ನನ್ನ ಕಣ್ಣು ಒದ್ದೆಯಾಯಿತು.