ಶೆಡ್ಡಿಗೊಂದು ಹಳೇ ಒಲೆ

ಪೆನ್ಸಿಲ್ವೇನಿಯಾದ ಚಳಿಗೆ ನನ್ನ ಮರಗೆಲಸದ ಶೆಡ್ಡು ಡಿಸೆಂಬರಿನಲ್ಲೇ ಮುಚ್ಚಿಹೋಗುತ್ತಿತ್ತು. ಕೈ ಮರಗಟ್ಟುವುದು ಹಾಗಿರಲಿ, 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ನಾನು ಬಳಸುವ ಅಂಟು ಸರಿಯಾಗಿ ಹಿಡಿಯುವುದೇ ಇಲ್ಲ. ಈ ಸಲ ಒಬ್ಬ ಅಜ್ಜನ ಹತ್ತಿರ ಕಲ್ಲಿದ್ದಲಿನ ಹಳೇ ಒಲೆ ಕೊಂಡೆ. ಇಲ್ಲಿ ಆಂಥ್ರಸೈಟ್ ಎಂಬ ಗಟ್ಟಿ ಕಲ್ಲಿದ್ದಲು ಸಲೀಸಾಗಿ ಸಿಗುತ್ತೆ.

ಟಾರ್ಚ್ ಹಾಕಿ ನೋಡಿದೆ, ಎಲ್ಲೂ ಬಿರುಕಿಲ್ಲ. ಬಾಗಿಲ ಸಂದಿಗೆ ಡಾಲರ್ ನೋಟು ಸಿಕ್ಕಿಸಿ ಎಳೆದರೆ ಸರಕ್ಕನೆ ಬಂತು, ಅಂದರೆ ಅಂಚಿನ ಹಗ್ಗ ಸವೆದಿದೆ. ಅದನ್ನೇ ತೋರಿಸಿ ಚೌಕಾಸಿ ಮಾಡಿದೆ ಅನ್ನಿ! ಆಮೇಲೆ ಹೊಸ ಹಗ್ಗ ಹಾಕಿದೆ.

ಊರಲ್ಲಿ ಬಚ್ಚಲೊಲೆ ಉರಿಸಿ ಬೆಳೆದ ನನಗೆ ಯಾರು ಕಲಿಸಬೇಕು? ಕೋಲಿಂದ ಕೆದಕಿದೆ, ಆರಿಹೋಯ್ತು. ಮರುದಿನವೂ ಅದೇ ಕತೆ. ಅಜ್ಜನಿಗೆ ಫೋನ್ ಮಾಡಿದರೆ ನಕ್ಕುಬಿಟ್ಟರು. ಇದನ್ನು ಮೇಲಿಂದ ಕೆದಕಲೇಬಾರದಂತೆ. ಸೌದೆ ಕೆಂಡದ ಮೇಲೆ ಸ್ವಲ್ಪಸ್ವಲ್ಪ ಸುರಿದು, ಕೆಳಗಿಂದ ಗಾಳಿ ಬಿಟ್ಟು ಸುಮ್ಮನೆ ಕೂರಬೇಕಂತೆ. ಕೂತೆ ಮಾರಾಯ್ರೆ... ಕೊನೆಗೂ ಪುಟ್ಟಪುಟ್ಟ ನೀಲಿ ಜ್ವಾಲೆ ಎದ್ದವು. ಹೊಗೆಯೇ ಇಲ್ಲ!

ಭಯ ಇರುವುದೂ ಅಲ್ಲೇ. ಬಚ್ಚಲೊಲೆಯಾದರೆ ಕಣ್ಣುರಿಸಿ ಎಚ್ಚರಿಸುತ್ತಿತ್ತು. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಕಳೆದ ವಾರ ಕಲ್ಲಿದ್ದಲು ಉಳಿಸೋಣ ಅಂತ ಕೊಳವೆಯ ಡ್ಯಾಂಪರ್ ಪೂರ್ತಿ ತಿರುಗಿಸಿಬಿಟ್ಟೆ. ಸ್ವಲ್ಪ ಹೊತ್ತಿಗೆ ಗೋಡೆಯ ಅಲಾರಂ ಕಿರುಚಿತು. ಹೆಂಡತಿ ಹಠ ಮಾಡಿ ಹಾಕಿಸಿದ್ದು ಅದು, ದಂಡದ ಖರ್ಚು ಅಂತ ಗೊಣಗಿದ್ದವನು ನಾನು. ಬಾಗಿಲು ತೆರೆದಿಟ್ಟು ಹೊರಗೋಡಿ ಹಿಮದಲ್ಲಿ ನಿಂತೆ, ಚಪ್ಪಲಿಯೂ ಇಲ್ಲದೆ. ಅಡುಗೆಮನೆ ಕಿಟಕಿಯಿಂದ ಏನಾಯ್ತು ಅಂತ ಕೈಸನ್ನೆ ಮಾಡಿದಳು. ಏನಿಲ್ಲ ಅಂದೆ.

ಇನ್ನೂ ಹೇಳಿಲ್ಲ. ಇದನ್ನು ಓದಿದಾಗ ಗೊತ್ತಾಗುತ್ತೆ.