ಗರಿಕಡ್ಡಿಯ ಉಪಕಾರ



2023ನೆಯ ಇಸವಿ ಏಪ್ರಿಲ್ 2ರಂದು ನೆರೆಯ ಚಿತ್ರದುರ್ಗ ಜಿಲ್ಲೆಯಲ್ಲಿ ಇಸ್ರೋ ಸಂಸ್ಥೆಯವರು ರೆಕ್ಕೆಯುಳ್ಳ ವಾಹನವೊಂದನ್ನು ಹೆಲಿಕಾಪ್ಟರಿನಿಂದ ಸುಮಾರು 4.5 ಕಿಲೋಮೀಟರು ಎತ್ತರದಲ್ಲಿ ಕಳಚಿಬಿಡಲು, ಅದು ತಾನೇ ತೇಲಿಬಂದು ನೆಲಕ್ಕಿಳಿದುದು ತಮಗೆ ನೆನಪಿರಬಹುದು. ಆ ವರ್ಷ ಶಾಲೆ ತೆರೆದೊಡನೆ ಒಂಬತ್ತನೆಯ ತರಗತಿಯ ಬಾಲಿಕೆಯರು ತಾವೂ ಅಂತಹ ಮಾದರಿಯನ್ನು ಮಾಡುವೆವೆಂದು ಹಟಹಿಡಿದರು. ಮದ್ದಿನ ರಾಕೆಟ್ಟಿಗೆ ನಾನು ಒಪ್ಪಲಿಲ್ಲ. ರಬ್ಬರಿನ ಪಟ್ಟಿಯಿಂದ ಚಿಮ್ಮಿಸಲು ಅನುಮತಿಯಿತ್ತೆನು.

ರೆಕ್ಕೆಗಾಗಿ ಬೆಂಗಳೂರಿನಿಂದ ಬಾಲ್ಸಾ ಮರದ ತೆಳುಹಲಗೆಯನ್ನು ತರಿಸಿದೆವು. ಈಕ್ವಡಾರ್ ದೇಶದಲ್ಲಿ ಹೇರಳವಾಗಿ ಬೆಳೆಯುವ ಈ ಮರವು ಬಲು ಹಗುರ; ಆದರೆ ಉಗುರು ಒತ್ತಿದರೂ ತಗ್ಗು ಬೀಳುವಷ್ಟು ಮೃದು. ಗಾಳಿಯನ್ನು ಮೊದಲು ಸೀಳುವುದೂ, ಕಲ್ಲಿಗೆ ಮೊದಲು ತಾಗುವುದೂ ರೆಕ್ಕೆಯ ಮುಂದಿನ ಅಂಚೇ. ಎರಡನೆಯ ದಿನವೇ ಅದು ಶಾಲೆಯ ಮೆಟ್ಟಿಲಿಗೆ ಬಡಿದು ಮುರಿಯಿತು. "ಮತ್ತೆ ಹಲಗೆಗೆ ಹಣವಿಲ್ಲ; ಇನ್ನು ಪಾಠದ ಕಡೆ ಗಮನವಿಡಿರಿ" ಎಂದು ನಾನು ಕಠಿಣವಾಗಿ ನುಡಿದೆನು. ತುರುವೇಕೆರೆಯ ಕಡೆಯ ಹುಡುಗಿಯೊಬ್ಬಳು ಮಾತಾಡದೆ ಚೂರುಗಳನ್ನು ಆಯ್ದುಕೊಂಡು ಹೋದಳು.

ಮಾರನೆಯ ದಿನ ಅವಳು ನನ್ನ ಕೊಠಡಿಯ ಬಾಗಿಲಲ್ಲಿ ನಿಂತು, "ಅಮ್ಮನವರೇ, ಅಂಗಳ ಗುಡಿಸಿ ಸವೆದರೂ ಮುರಿಯದ ಕಡ್ಡಿ ಇದಕ್ಕೆ ಆಗಲಾರದೇ?" ಎಂದು ಕೇಳಿದಳು. ಅವಳ ಕೈಯಲ್ಲಿದ್ದುದು ತೆಂಗಿನ ಗರಿಯ ಒಣಕಡ್ಡಿ. ಅದನ್ನು ನಯವಾಗಿ ಹೆರೆದು, ದಪ್ಪತುದಿಯನ್ನು ರೆಕ್ಕೆಯ ಬುಡಕ್ಕೂ ಸಣ್ಣತುದಿಯನ್ನು ಕೊನೆಗೂ ಇರಿಸಿ ಅಂಟಿಸಿದ್ದಳು. ಮೇಲೆ ತೆಳುಕಾಗದವನ್ನು ಸುತ್ತಿದ್ದಳು. ಒಂದು ಕಡೆ ಭಾರ ಹೆಚ್ಚಿದರೆ ವಿಮಾನವು ಆ ಕಡೆಗೇ ವಾಲುವುದೆಂದು ಎರಡು ಕಡ್ಡಿಗಳನ್ನೂ ತಕ್ಕಡಿಯಲ್ಲಿ ಸರಿದೂಗಿಸಿದ್ದಳು. ಮುಂಭಾಗದ ಭಾರ ಹೆಚ್ಚಿದುದರಿಂದ ಮೂತಿಯ ಜೇಡಿಮಣ್ಣನ್ನೂ ಸ್ವಲ್ಪ ತೆಗೆದಿದ್ದಳು. ಇದಾವುದನ್ನೂ ನಾನು ಕಲಿಸಿದವಳಲ್ಲ.

ಅಂದು ಸಂಜೆ ಆ ವಿಮಾನವು ಮೈದಾನದ ಮೇಲೆ ತೇಲಿ, ಪುನಃ ಅದೇ ಮೆಟ್ಟಿಲಿಗೆ ತಾಗಿತು. ಕಾಗದವು ಹರಿಯಿತು, ರೆಕ್ಕೆ ಮುರಿಯಲಿಲ್ಲ. ಪ್ರದರ್ಶನದಲ್ಲಿ ಅದಕ್ಕೆ ಬಹುಮಾನವೇನೂ ದೊರೆಯಲಿಲ್ಲ. ಆದರೂ ನಾನು ತರಗತಿಯ ಮುಂದೆ ನಿಂತು, ನನ್ನ ಬಿರುನುಡಿಗಾಗಿ ಆ ಬಾಲಿಕೆಯ ಕ್ಷಮೆ ಬೇಡಿದೆನು.

ತಿಪಟೂರಿನ ಸಂತೆಗೆ ಕೊಬ್ಬರಿಯನ್ನು ಜೋಪಾನವಾಗಿ ಸಾಗಿಸುವ ನಾವು ಕಡ್ಡಿಯನ್ನು ಪೊರಕೆಗೆ ಮಾತ್ರ ಎಂದೆಣಿಸುವೆವು. ಮಾತಾಪಿತೃಗಳಲ್ಲಿ ನನ್ನ ಬಿನ್ನಹವಿಷ್ಟೇ: ಮಗಳು ಮುರಿದ ವಸ್ತುವನ್ನು ಹಿಡಿದು ಬಂದಾಗ, ಅದರ ಬೆಲೆಯನ್ನು ಕೇಳುವ ಮೊದಲು, ಅದನ್ನು ಹೇಗೆ ಸರಿಪಡಿಸುವೆಯೆಂದು ಕೇಳಿರಿ. ದೇವರು ನಮ್ಮ ಮಕ್ಕಳನ್ನು ಆಶೀರ್ವದಿಸಲಿ.